ಮೈ ತುರಿಕೆಗೆ ಮನೆಮದ್ದು: ದೊಡ್ಡಪತ್ರೆಯಾ, ಬೇವಾ, ಕೊಬ್ಬರಿ ಎಣ್ಣೆಯಾ?

ನನಗೆ ಎಂಟು ವರ್ಷ ಇರುವಾಗ ಒಂದು ರಾತ್ರಿ ಮೈತುಂಬಾ ಪಿತ್ತದ ಗಂಧೆ ಎದ್ದಿತ್ತು. ಹೊಟ್ಟೆ, ಬೆನ್ನು, ತೊಡೆ ಎಲ್ಲಾ ಕಡೆ ಕೆಂಪಗೆ ಉಬ್ಬಿದ ದದ್ದು. ಅಜ್ಜಿ ಅಟ್ಟದಿಂದ ಕರಿಕಂಬಳಿ ಇಳಿಸಿ ಅದರಲ್ಲೇ ಮೈ ಉಜ್ಜಿದರು. ಆಮೇಲೆ ಹಿತ್ತಲಿಂದ ದೊಡ್ಡಪತ್ರೆ ಕಿತ್ತು ತಂದು, ಅಂಗೈಯಲ್ಲಿ ಹಿಸುಕಿ ರಸ ಹಚ್ಚಿದರು. ಒಂದು ಲೋಟ ಮುರುಗಲು (ಕೋಕಂ) ಪಾನಕ ಕುಡಿಸಿದರು. ಬೆಳಿಗ್ಗೆ ಎದ್ದಾಗ ಮೈ ಮೇಲೆ ಒಂದು ಗುರುತೂ ಇರಲಿಲ್ಲ. ಇದು ಹೋಗಿದ್ದು ಕಂಬಳಿಯಿಂದಲೋ, ದೊಡ್ಡಪತ್ರೆಯಿಂದಲೋ, ಮುರುಗಲಿಂದಲೋ ಅಂತ ನಮ್ಮ ಮನೆಯಲ್ಲಿ ಇವತ್ತಿಗೂ ಚರ್ಚೆ ನಡೆಯುತ್ತದೆ.

ಬಹುಶಃ ಮೂರರಿಂದಲೂ ಅಲ್ಲ. ಪಿತ್ತದ ಗಂಧೆಯ ಒಂದೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಯೊಳಗೆ ತಾನಾಗಿಯೇ ಇಳಿಯುತ್ತದೆ. ಅದರ ಸ್ವಭಾವವೇ ಹಾಗೆ. ಹಾಗಾಗಿ ಗಂಧೆಗೆ ಯಾರು ಏನು ಹಚ್ಚಿದರೂ ಅವರಿಗೆ ಒಳ್ಳೆ ಹೆಸರು ಬರುತ್ತದೆ.

ನಾನು ಡಾಕ್ಟರಲ್ಲ. ಆದರೆ ಆರು ತಿಂಗಳ ಕೂಸಾಗಿದ್ದಾಗಲೇ ಇಸುಬು (ಎಕ್ಜಿಮಾ) ಬಂದ ಮಗನನ್ನು ಬೆಳೆಸಿದವಳು. ಊರಿನವರು, ನೆಂಟರು, ಪಕ್ಕದ ಮನೆಯವರು ಹೇಳಿದ ಮದ್ದನ್ನೆಲ್ಲ ಮಾಡಿ ನೋಡಿದ್ದೇನೆ. ಚರ್ಮದ ಡಾಕ್ಟರ ಹತ್ತಿರ ಬೈಸಿಕೊಂಡೂ ಬಂದಿದ್ದೇನೆ. ಅಷ್ಟರಲ್ಲಿ ಒಂದು ವಿಷಯ ಮಾತ್ರ ಚೆನ್ನಾಗಿ ತಲೆಗೆ ಹೋಗಿದೆ. ಬೇವು ಒಳ್ಳೆಯದಾ, ಅರಿಶಿನ ಒಳ್ಳೆಯದಾ ಅಂತ ಮದ್ದುಗಳನ್ನು ಹೋಲಿಸುತ್ತಾ ಕೂತರೆ ಏನೂ ಸಿಗುವುದಿಲ್ಲ. ಮೊದಲು ಇದು ಯಾವ ತುರಿಕೆ ಅಂತ ನೋಡಬೇಕು. ಕೊಬ್ಬರಿ ಎಣ್ಣೆಯನ್ನೇ ತೆಗೆದುಕೊಳ್ಳಿ. ಒಣ ಚರ್ಮದ ತುರಿಕೆಗೆ ಅದು ಬಹಳ ಒಳ್ಳೆಯದು. ಬೆವರುಸಾಲೆಗೆ ಹಚ್ಚಿದರೆ ಜಾಸ್ತಿಯಾಗುತ್ತದೆ. ಕಜ್ಜಿಗೆ ಹಚ್ಚಿದರೆ ಎಣ್ಣೆ ದಂಡ. ಎಣ್ಣೆ ಒಂದೇ, ಫಲ ಮೂರು ಥರ.

ಇದಕ್ಕೆಲ್ಲ ಮನೆಮದ್ದು ಬೇಡ

ಗಂಧೆಯ ಜೊತೆಗೆ ತುಟಿ ಅಥವಾ ನಾಲಿಗೆ ಊದಿಕೊಂಡರೆ, ದನಿ ಗೊಗ್ಗರಾದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬೀಳುವಂತಾದರೆ, ಇದ್ದಕ್ಕಿದ್ದ ಹಾಗೆ ವಾಂತಿ ಶುರುವಾದರೆ ದೊಡ್ಡಪತ್ರೆ ಹುಡುಕಲು ಹೋಗಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಕೈಗೆ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ. ಅಲ್ಲಿ ಬೇಕಾಗಿರುವುದು ಅಡ್ರಿನಲಿನ್ ಇಂಜೆಕ್ಷನ್. ಮನೆಯಲ್ಲಿರುವ ಅಲರ್ಜಿ ಮಾತ್ರೆ ಅದರ ಕೆಲಸ ಮಾಡುವುದಿಲ್ಲ.

ಹೊಸ ಮಾತ್ರೆ ಶುರು ಮಾಡಿದ ಮೇಲೆ ಮೈಯಲ್ಲಿ ದದ್ದು ಎದ್ದು, ಜ್ವರ ಬಂದು, ಬಾಯಿ ಅಥವಾ ಕಣ್ಣು ಹುಣ್ಣಾದರೂ ಅಷ್ಟೇ, ಅವತ್ತೇ ಹೋಗಬೇಕು. ಬಸುರಿಗೆ ಕೊನೆಯ ತಿಂಗಳುಗಳಲ್ಲಿ ಅಂಗೈ, ಅಂಗಾಲು ವಿಪರೀತ ತುರಿಸಿ, ಚರ್ಮದ ಮೇಲೆ ಮಾತ್ರ ಏನೂ ಕಾಣದಿದ್ದರೆ ಅದನ್ನು 'ಉಷ್ಣ' ಅಂತ ಸುಮ್ಮನೆ ಬಿಡಬಾರದು. ಅದು ಲಿವರ್ ಮತ್ತು ಪಿತ್ತರಸಕ್ಕೆ ಸಂಬಂಧಿಸಿದ ತೊಂದರೆ ಇರಬಹುದು. ಮಗುವಿಗೂ ಅಪಾಯ. ರಕ್ತ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ.

ಪಿತ್ತದ ಗಂಧೆ: ಒದ್ದೆ ಬಟ್ಟೆ, ದೊಡ್ಡಪತ್ರೆ, ಕ್ಯಾಲಮೈನ್, ಮಾತ್ರೆ

ಮೊದಲು ಇದು ಗಂಧೆಯೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ. ಅದಕ್ಕೆ ಒಂದು ಬಾಲ್ ಪೆನ್ನು ಸಾಕು. ಒಂದು ದದ್ದಿನ ಸುತ್ತ ಗೆರೆ ಎಳೆಯಿರಿ. ಮರುದಿನ ನೋಡಿ. ಗೆರೆಯ ಒಳಗೆ ಖಾಲಿಯಾಗಿ, ದದ್ದು ಬೇರೆಲ್ಲೋ ಎದ್ದಿದ್ದರೆ ಗಂಧೆ. ಅದೇ ಜಾಗದಲ್ಲಿ ಎರಡು ಮೂರು ದಿನ ಗಟ್ಟಿಯಾಗಿ ಕೂತಿದ್ದರೆ ಬೇರೆ ಏನೋ ಇದೆ.

ಚರ್ಮದ ಕೆಲವು ಜೀವಕೋಶಗಳು ಹಿಸ್ಟಮಿನ್ ಅನ್ನುವ ರಾಸಾಯನಿಕ ಬಿಡುತ್ತವೆ. ಆಗ ಸಣ್ಣ ರಕ್ತನಾಳಗಳಿಂದ ನೀರು ಸೋರಿ ಚರ್ಮ ಉಬ್ಬುತ್ತದೆ, ತುರಿಸುತ್ತದೆ. ಮಕ್ಕಳಲ್ಲಿ ಇದಕ್ಕೆ ಬಹಳ ಸಲ ಕಾರಣ ಒಂದು ಸಾದಾ ವೈರಲ್ ಜ್ವರ ಅಥವಾ ನೆಗಡಿ. ದೊಡ್ಡವರಲ್ಲಿ ನೋವಿನ ಮಾತ್ರೆ, ಆ್ಯಂಟಿಬಯೋಟಿಕ್, ಸಿಗಡಿ, ಶೇಂಗಾ, ಕೆಲವೊಮ್ಮೆ ಏನೂ ಇಲ್ಲ. ನಮ್ಮಲ್ಲಿ ತಕ್ಷಣ ಬದನೆಕಾಯಿ ಮೇಲೆ ಗೂಬೆ ಕೂರಿಸುತ್ತಾರೆ, 'ನಂಜು' ಅಂತ. ಬದನೆ ತಿಂದರೆ ನಿಜವಾಗಿಯೂ ತುರಿಸುವವರು ಇದ್ದಾರೆ. ಆದರೆ ಒಂದು ಸಲ ಗಂಧೆ ಎದ್ದಿತು ಅಂತ ಮಗುವಿಗೆ ಬದನೆ, ಮೊಟ್ಟೆ, ಮೀನು, ಹಾಲು ಎಲ್ಲ ಒಟ್ಟಿಗೆ ಬಿಡಿಸುವುದು ಸರಿಯಲ್ಲ. ತಿಂದ ಎರಡು ಗಂಟೆಯೊಳಗೆ, ಪ್ರತಿ ಸಲವೂ ಎದ್ದರೆ ಮಾತ್ರ ಆ ಪದಾರ್ಥದ ಮೇಲೆ ಅನುಮಾನ ಪಡಿ.

ಈಗ ಮದ್ದಿಗೆ ಬರೋಣ. ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ ತಣ್ಣೀರಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಗೆ. ಹತ್ತು ನಿಮಿಷ ಇಟ್ಟರೆ ಸಾಕು. ತಂಪು ತಗುಲಿದಾಗ ತುರಿಕೆಯ ನರ ಸುಮ್ಮನಾಗುತ್ತದೆ, ರಕ್ತನಾಳ ಬಿಗಿಯಾಗುತ್ತದೆ. ಖರ್ಚಿಲ್ಲ, ಅಡ್ಡ ಪರಿಣಾಮ ಇಲ್ಲ. ಐಸನ್ನು ನೇರವಾಗಿ ಚರ್ಮಕ್ಕೆ ಒತ್ತಬೇಡಿ. ಇನ್ನೊಂದು ಎಚ್ಚರಿಕೆ: ಕೆಲವರಿಗೆ ತಣ್ಣೀರು ಸ್ನಾನ, ಹೊಳೆಯ ಈಜು, ಚಳಿಗಾಳಿಯಿಂದಲೇ ಗಂಧೆ ಏಳುತ್ತದೆ. ಅಂಥವರಿಗೆ ಈ ಮದ್ದು ನಡೆಯುವುದಿಲ್ಲ. ಅವರು ಒಬ್ಬರೇ ಹೊಳೆಗೆ ಇಳಿಯಲೂ ಬಾರದು.

ದೊಡ್ಡಪತ್ರೆ ಎರಡನೆಯದು. ಎಲೆ ಹಿಸುಕಿದಾಗ ಓಮದ ವಾಸನೆ ಬರುತ್ತದಲ್ವಾ? ಓಮದಲ್ಲಿರುವ ಥೈಮಾಲ್, ಕಾರ್ವಕ್ರಾಲ್ ಥರದ ಎಣ್ಣೆ ಅಂಶಗಳೇ ಇದರಲ್ಲೂ ಇವೆ. ರಸ ಹಚ್ಚಿದಾಗ ಒಂದು ತಂಪು, ಸ್ವಲ್ಪ ಚುರುಚುರು ಆಗುತ್ತದೆ. ಆ ಚುರುಚುರು ತುರಿಕೆಯನ್ನು ಮರೆಸುತ್ತದೆ. ಚರ್ಮ ಕಿತ್ತಿಲ್ಲದಿದ್ದರೆ ಹಚ್ಚಿ, ತೊಂದರೆ ಇಲ್ಲ. ಪರಚಿ ಗಾಯವಾಗಿದ್ದರೆ ಉರಿ ತಡೆಯಲಾಗದು. ಕೂಸುಗಳ ಮುಖಕ್ಕೆ ಬೇಡವೇ ಬೇಡ. ಅಜ್ಜಿಯ ಮುರುಗಲು ಪಾನಕದ ಬಗ್ಗೆ ನನ್ನ ತಕರಾರಿಲ್ಲ. ಗಂಧೆಗೆ ಅಲ್ಲದಿದ್ದರೂ ಏಪ್ರಿಲ್ ಸೆಕೆಗೆ ಅದಕ್ಕಿಂತ ಒಳ್ಳೆಯದು ಯಾವುದಿದೆ?

ಆದರೆ ಕಂಬಳಿ ಬಿಟ್ಟುಬಿಡಿ. ಗಂಧೆ ಎದ್ದ ಚರ್ಮವನ್ನು ಉಜ್ಜಿದಷ್ಟೂ ಹಿಸ್ಟಮಿನ್ ಜಾಸ್ತಿ ಬಿಡುಗಡೆಯಾಗುತ್ತದೆ. ಕೆಲವರಿಗೆ ಉಗುರಿನಲ್ಲಿ ಬೆನ್ನ ಮೇಲೆ ಹೆಸರು ಬರೆದರೆ ಅಕ್ಷರವೇ ಉಬ್ಬಿ ನಿಲ್ಲುತ್ತದೆ. ಅಂಥವರನ್ನು ಕಂಬಳಿಯಲ್ಲಿ ಉಜ್ಜಿದರೆ ಏನಾದೀತು ಯೋಚಿಸಿ. ಉಣ್ಣೆ ಅಂತೂ ಆರೋಗ್ಯವಾಗಿರುವ ಚರ್ಮಕ್ಕೂ ಚುಚ್ಚುತ್ತದೆ.

ಕ್ಯಾಲಮೈನ್ ಅಂದರೆ ಆ ಗುಲಾಬಿ ಬಣ್ಣದ ಲೋಷನ್. ಸತುವಿನ ಪುಡಿಗೆ ಒಂಚೂರು ಕಬ್ಬಿಣದ ಆಕ್ಸೈಡ್ ಸೇರಿ ಆ ಬಣ್ಣ ಬಂದಿದೆ. ನೀರು ಆರುವಾಗ ತಂಪು ಮಾಡುತ್ತದೆ, ಅಷ್ಟೇ. ಒದ್ದೆ ಬಟ್ಟೆಗಿಂತ ಇದರ ಅನುಕೂಲ ಅಂದರೆ ಹಚ್ಚಿಕೊಂಡು ಮಲಗಬಹುದು, ಸ್ಕೂಲಿಗೆ ಹೋಗಬಹುದು. ಸೊಳ್ಳೆ ಕಡಿತಕ್ಕೂ, ಚಿಕನ್ ಪಾಕ್ಸ್ ತುರಿಕೆಗೂ ಆಗುತ್ತದೆ. ಒಣ ಚರ್ಮಕ್ಕೆ ಆಗುವುದಿಲ್ಲ. ಇನ್ನೂ ಒಣಗಿಸುತ್ತದೆ.

ಇವು ಮೂರೂ ತುರಿಕೆಯನ್ನು ಮರೆಸುತ್ತವೆ. ಹಿಸ್ಟಮಿನ್‌ಗೇ ಅಡ್ಡ ನಿಲ್ಲುವುದು ಮಾತ್ರೆ: ಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್. ರಾತ್ರಿ ನಿದ್ದೆ ಕೆಡುವಷ್ಟು ತುರಿಕೆ ಇದ್ದರೆ ಇದನ್ನು ಬಿಟ್ಟು ದೊಡ್ಡಪತ್ರೆ ಹಿಡಿದು ಕೂರುವುದು ಹಟ ಅಂತ ನನ್ನ ಅಭಿಪ್ರಾಯ. ದೊಡ್ಡವರಿಗೆ ಸೆಟಿರಿಜಿನ್ ಸಾಮಾನ್ಯವಾಗಿ ದಿನಕ್ಕೆ 10 ಮಿಲಿಗ್ರಾಂ. ಕೆಲವರಿಗೆ ನಿದ್ದೆ ಬರುತ್ತದೆ, ಹಾಗಾಗಿ ನುಂಗಿ ಬೈಕ್ ಹತ್ತಬೇಡಿ. ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ, ಕಿಡ್ನಿ ತೊಂದರೆ ಇರುವವರಿಗೆ ಡಾಕ್ಟರನ್ನು ಕೇಳಿಯೇ ಕೊಡಿ. ಗಂಧೆ ಆರು ವಾರ ದಾಟಿ ಬರುತ್ತಲೇ ಇದ್ದರೆ ಅದು ದೀರ್ಘಕಾಲದ ಗಂಧೆ. ಅದಕ್ಕೆ ಔಷಧಿಯ ಲೆಕ್ಕಾಚಾರವೇ ಬೇರೆ, ಚರ್ಮದ ಡಾಕ್ಟರೇ ನೋಡಬೇಕು.

ಒಣ ಚರ್ಮ ಮತ್ತು ಇಸುಬು: ಎಣ್ಣೆಗಳ ಜಗಳ

ನಮ್ಮ ಮನೆಯಲ್ಲಿ ಜಾಸ್ತಿ ದುಡ್ಡು, ಜಾಸ್ತಿ ಕಣ್ಣೀರು ಹರಿದಿದ್ದು ಇದಕ್ಕೆ. ಮೊಣಕೈ ಮಡಿಕೆ, ಮೊಣಕಾಲ ಹಿಂದೆ, ಕುತ್ತಿಗೆ, ಕೂಸುಗಳಿಗೆ ಕೆನ್ನೆ. ಒರಟಾಗಿ, ಕೆಂಪಾಗಿ, ಕೆಲವೊಮ್ಮೆ ನೀರು ಒಸರುತ್ತಾ. ಬೆಂಗಳೂರಿನ ಡಿಸೆಂಬರ್ ಗಾಳಿ ಬೀಸಿದರೆ ಸಾಕು, ಮಗ ರಾತ್ರಿಯಿಡೀ ಪರಚಿಕೊಳ್ಳುತ್ತಿದ್ದ.

ಇಲ್ಲಿ ಚರ್ಮದ ಗೋಡೆಯೇ ಸೋರುತ್ತಿರುತ್ತದೆ. ಒಳಗಿನ ನೀರು ಆರಿಹೋಗುತ್ತದೆ, ಹೊರಗಿನ ಸೋಪು, ಧೂಳು ಒಳಗೆ ನುಗ್ಗುತ್ತದೆ. ಆದ್ದರಿಂದ ಮದ್ದು ಅಂದರೆ ಗೋಡೆಗೆ ಗಾರೆ ಮೆತ್ತುವ ಕೆಲಸ. ಯಾವ ಗಾರೆ ಅನ್ನೋದೇ ಪ್ರಶ್ನೆ.

ಕೊಬ್ಬರಿ ಎಣ್ಣೆಯ ಪರವಾಗಿ ನಿಜವಾದ ಸಾಕ್ಷಿ ಇದೆ. ಫಿಲಿಪ್ಪೀನ್ಸ್‌ನಲ್ಲಿ ಇಸುಬು ಇರುವ ಮಕ್ಕಳಿಗೆ ಎಂಟು ವಾರ ವರ್ಜಿನ್ ಕೊಬ್ಬರಿ ಎಣ್ಣೆ ಮತ್ತು ಮಿನರಲ್ ಎಣ್ಣೆ ಹಚ್ಚಿ ಹೋಲಿಸಿದ್ದರು. ಕೊಬ್ಬರಿ ಎಣ್ಣೆ ಹಚ್ಚಿದ ಮಕ್ಕಳ ಚರ್ಮ ಹೆಚ್ಚು ಸುಧಾರಿಸಿತು. ಇಸುಬಿನ ಚರ್ಮದ ಮೇಲೆ ಬೆಳೆಯುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾವನ್ನೂ ಅದರಲ್ಲಿರುವ ಲಾರಿಕ್ ಆಮ್ಲ ಕಡಿಮೆ ಮಾಡುತ್ತದೆ. ನೆನಪಿಡಿ, ಇದು ಹದವಾದ ಇಸುಬಿಗೆ. ರಕ್ತ ಬರುವಷ್ಟು ಒಡೆದ ಚರ್ಮಕ್ಕೆ ಎಣ್ಣೆಯೊಂದೇ ಸಾಲದು. ಪರಿಮಳ ಸೇರಿಸಿದ ತಲೆಗೆ ಹಚ್ಚುವ ಎಣ್ಣೆಯೂ ಬೇಡ. ಗಾಣದ್ದು ಅಥವಾ ಅಡುಗೆಗೆ ಬಳಸುವ ಶುದ್ಧ ಎಣ್ಣೆ ತೆಗೆದುಕೊಳ್ಳಿ.

ಸಾಸಿವೆ ಎಣ್ಣೆ? ನಮ್ಮ ಅಪಾರ್ಟ್‌ಮೆಂಟಿನ ಬಿಹಾರದ ಅಕ್ಕ ಪ್ರೀತಿಯಿಂದ ಒಂದು ಬಾಟಲಿ ಕೊಟ್ಟಿದ್ದರು. ಎರಡೇ ದಿನಕ್ಕೆ ಮಗನ ಕಾಲು ಕೆಂಡದ ಹಾಗಾಯ್ತು. ಸಾಸಿವೆಯ ಖಾರ ನಾಲಿಗೆಗೆ ಮಾತ್ರ ಅಲ್ಲ, ಚರ್ಮಕ್ಕೂ ಹತ್ತುತ್ತದೆ. ಆಲಿವ್ ಎಣ್ಣೆ ದುಬಾರಿ, ಆದ್ದರಿಂದ ಒಳ್ಳೆಯದಿರಬೇಕು ಅಂತ ನಾನೂ ನಂಬಿದ್ದೆ. ಅದರಲ್ಲಿ ಒಲೆಯಿಕ್ ಆಮ್ಲ ಜಾಸ್ತಿ. ಅದು ಚರ್ಮದ ಗೋಡೆಯನ್ನು ಇನ್ನಷ್ಟು ಸಡಿಲ ಮಾಡುತ್ತದೆ. ಇಸುಬಿಗೆ ಇವೆರಡೂ ಬೇಡ.

ಹರಳೆಣ್ಣೆಯದ್ದು ಬೇರೆ ಕಥೆ. ಎಣ್ಣೆ ಕೆಟ್ಟದ್ದಲ್ಲ, ನಾವು ಎಣ್ಣೆ ಸ್ನಾನ ಮಾಡುವ ಕ್ರಮವೇ ಉಲ್ಟಾ. ಮೊದಲು ಮೈಗೆಲ್ಲ ಎಣ್ಣೆ ಬಳಿಯುತ್ತೇವೆ. ಆಮೇಲೆ ಹಂಡೆಯ ಸುಡು ನೀರು, ಸೀಗೆಪುಡಿ, ಕಡಲೆಹಿಟ್ಟು ಹಾಕಿ ತಿಕ್ಕಿ ತಿಕ್ಕಿ ಎಣ್ಣೆಯನ್ನೂ, ಚರ್ಮದ ಸ್ವಂತ ಜಿಡ್ಡನ್ನೂ ತೆಗೆದುಬಿಡುತ್ತೇವೆ. ಸ್ನಾನ ಮುಗಿದಾಗ ಹಾಯೆನಿಸುತ್ತದೆ, ನಿಜ. ದೀಪಾವಳಿಗೆ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಒಣ ಚರ್ಮಕ್ಕೆ ಬೇಕಾಗಿರುವುದು ಸ್ನಾನ ಮೊದಲು, ಎಣ್ಣೆ ಆಮೇಲೆ. ಉಗುರು ಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ. ಟವೆಲ್ಲಿನಲ್ಲಿ ಒತ್ತಿ ಒರೆಸಿ, ಮೈ ಇನ್ನೂ ಹಸಿ ಇರುವಾಗಲೇ ಹಚ್ಚಬೇಕು. ಬಚ್ಚಲಲ್ಲೇ ಎಣ್ಣೆ ಬಟ್ಟಲು ಇಟ್ಟುಕೊಳ್ಳಿ. ಈ ಒಂದು ಬದಲಾವಣೆ ನಮ್ಮ ಮನೆಯಲ್ಲಿ ಮಾಡಿದಷ್ಟು ಕೆಲಸವನ್ನು ಯಾವ ದುಬಾರಿ ಕ್ರೀಮೂ ಮಾಡಲಿಲ್ಲ.

ಕೊಬ್ಬರಿ ಎಣ್ಣೆಗೆ ನಿಜವಾದ ಪ್ರತಿಸ್ಪರ್ಧಿ ಅಂದರೆ ಸಾದಾ ಪೆಟ್ರೋಲಿಯಂ ಜೆಲ್ಲಿ. ಚರ್ಮದಿಂದ ನೀರು ಆರುವುದನ್ನು ತಡೆಯುವುದರಲ್ಲಿ ಯಾವ ಎಣ್ಣೆಯೂ ಅದರ ಹತ್ತಿರ ಬರುವುದಿಲ್ಲ. ಪರಿಮಳ ಇಲ್ಲದ್ದಕ್ಕೆ ಅಲರ್ಜಿಯೂ ಬಹಳ ಅಪರೂಪ. ಆದರೆ ಅಂಟಂಟು, ಸೆಕೆಗೆ ಹಿಂಸೆ. ನಾನು ಚಳಿಗಾಲಕ್ಕೆ ಜೆಲ್ಲಿ, ಉಳಿದ ದಿನಕ್ಕೆ ಕೊಬ್ಬರಿ ಎಣ್ಣೆ ಅಂತ ಮಾಡಿಕೊಂಡಿದ್ದೇನೆ. ಮಂಗಳೂರು, ಕಾರವಾರದ ಕಡೆ ಇರುವವರಿಗೆ ಜೆಲ್ಲಿ ಬೇಕಾಗುವುದೇ ಕಡಿಮೆ. ಕಲಬುರಗಿ, ವಿಜಯಪುರದ ಒಣ ಚಳಿಗೆ ಎಣ್ಣೆ ಮಾತ್ರ ಸಾಲದೆ ಹೋಗಬಹುದು. ಉತ್ತರ ಕನ್ನಡದವರ ಮನೆಯಲ್ಲಿ ಮುರುಗಲ ಬೀಜದ ತುಪ್ಪ ಇದ್ದರೆ ಒಡೆದ ಹಿಮ್ಮಡಿಗೆ ಅದನ್ನು ಹಚ್ಚಿ ನೋಡಿ, ಗಟ್ಟಿಯಾಗಿ ಕೂರುತ್ತದೆ.

ಓಟ್ಸ್ ಬಗ್ಗೆಯೂ ಹೇಳಬೇಕು. ಇದು ಅಮೆರಿಕದವರ ಮನೆಮದ್ದು. 2003ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ನುಣ್ಣಗೆ ಬೀಸಿದ ಓಟ್ಸನ್ನು ಚರ್ಮ ರಕ್ಷಕ ಅಂತ ಒಪ್ಪಿದೆ. ಅವರು ಬಾತ್‌ಟಬ್‌ನಲ್ಲಿ ಕಲಸಿ ಮಲಗುತ್ತಾರೆ. ನಮ್ಮದು ಬಕೆಟ್ ಸ್ನಾನ. ಹಾಗಾಗಿ ಎರಡು ಮೂರು ಚಮಚ ಪುಡಿಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ನೀರಲ್ಲಿ ಹಿಸುಕಿ, ಆ ಬಿಳಿ ನೀರನ್ನು ಕೊನೆಯ ಚೊಂಬಾಗಿ ಸುರಿದುಕೊಳ್ಳಿ. ಸೋಪಿನ ಬದಲು ಆ ಗಂಟಿನಿಂದಲೇ ಮೆಲ್ಲಗೆ ಒರೆಸಬಹುದು. ಕಡಲೆಹಿಟ್ಟು ಇದಕ್ಕೆ ಬದಲಿಯಲ್ಲ. ಅದು ಜಿಡ್ಡು ತೆಗೆಯುತ್ತದೆ, ಓಟ್ಸ್ ಪದರ ಬಿಡುತ್ತದೆ. ನೆಲ ಜಾರುತ್ತದೆ, ವಯಸ್ಸಾದವರು ಜೋಪಾನ.

ಬೆವರುಸಾಲೆ

ಇಲ್ಲಿ ಎಲ್ಲ ಉಲ್ಟಾ. ಬೆವರಿನ ರಂಧ್ರ ಮುಚ್ಚಿಕೊಂಡು ಮುಳ್ಳು ಚುಚ್ಚಿದ ಹಾಗಾಗುವುದೇ ಬೆವರುಸಾಲೆ. ಅದರ ಮೇಲೆ ಎಣ್ಣೆ, ಜೆಲ್ಲಿ ಬಳಿದರೆ ರಂಧ್ರ ಇನ್ನೂ ಮುಚ್ಚುತ್ತದೆ. ತಣ್ಣೀರು ಸ್ನಾನ, ಫ್ಯಾನು, ಸಡಿಲ ಹತ್ತಿ ಬಟ್ಟೆ. ಬೇಕಾದರೆ ಕ್ಯಾಲಮೈನ್. ಶ್ರೀಗಂಧ ತೇಯ್ದು ಹಚ್ಚುವುದು ತಂಪು ಕೊಡುತ್ತದೆ. ಆದರೆ ನಿಜವಾದ ಕೊರಡು ಇರಬೇಕು, ಅಂಗಡಿಯ ಗಂಧದ ಪುಡಿಯಲ್ಲಿ ಏನಿರುತ್ತದೋ ದೇವರಿಗೇ ಗೊತ್ತು. ಪೌಡರ್ ತೆಳುವಾಗಿ ಸಾಕು. ಬೆವರಿನ ಜೊತೆ ಕಲಸಿ ಹಿಟ್ಟಿನ ಮುದ್ದೆಯಾಗುವಷ್ಟು ಸುರಿಯಬೇಡಿ. ಕೂಸುಗಳ ಮುಖದ ಹತ್ತಿರ ಕೊಡವಲೇಬೇಡಿ, ಉಸಿರಿನಲ್ಲಿ ಹೋಗುತ್ತದೆ.

ಮುಟ್ಟಿದ್ದರಿಂದ ಬಂದ ತುರಿಕೆ

ಏಪ್ರಿಲ್ ತಿಂಗಳಲ್ಲಿ ಬಾಯಿಯ ಸುತ್ತ ಕೆಂಪಾಗಿ ತುರಿಸಿದರೆ ಮೊದಲು ಮಾವಿನಹಣ್ಣು ಹೇಗೆ ತಿಂದಿರಿ ಅಂತ ನೆನಪಿಸಿಕೊಳ್ಳಿ. ಸಿಪ್ಪೆ ಸಮೇತ ಕಚ್ಚಿದಿರಾ? ಮಾವಿನ ಸೊನೆಯಲ್ಲಿ, ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿ ಒಂದೇ ಕುಟುಂಬದ ಸುಡುವ ರಾಸಾಯನಿಕಗಳಿವೆ. ಮಾವು, ಗೇರು ಎರಡೂ ಸಸ್ಯಶಾಸ್ತ್ರದಲ್ಲಿ ನೆಂಟರು. ಅಪ್ಪೆಮಿಡಿ ಕೊಯ್ಯುವವರಿಗೆ, ಕರಾವಳಿಯ ಗೇರುಬೀಜದ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಈ ಥರದ ಅಲರ್ಜಿ ಮುಟ್ಟಿದ ತಕ್ಷಣ ಕಾಣುವುದಿಲ್ಲ, ಒಂದೆರಡು ದಿನ ಬಿಟ್ಟು ಏಳುತ್ತದೆ. ಅದಕ್ಕೇ ಜನ ತಪ್ಪು ಪದಾರ್ಥವನ್ನು ಬೈಯುತ್ತಾರೆ.

ಇನ್ನೊಂದು ದೊಡ್ಡ ಕಳ್ಳ ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಗಿಡ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿತು. ಅದನ್ನು ತಿನ್ನಲು ಮೆಕ್ಸಿಕೋದ ಜೀರುಂಡೆಯನ್ನು ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಗಿಡ ಮಾತ್ರ ಇನ್ನೂ ಖಾಲಿ ಸೈಟುಗಳಲ್ಲಿ ಹಾಯಾಗಿದೆ. ಅದರ ಧೂಳು ಗಾಳಿಯಲ್ಲಿ ಬಂದು ಕಣ್ಣಿನ ರೆಪ್ಪೆ, ಮುಖ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಕೂರುತ್ತದೆ. ಹೊಲದಲ್ಲಿ ಕೆಲಸ ಮಾಡುವ ಗಂಡಸರಿಗೆ ವರ್ಷಗಟ್ಟಲೆ ಕಾಡುತ್ತದೆ. ಇದಕ್ಕೆ ಯಾವ ಮನೆಮದ್ದೂ ನಿಲ್ಲುವುದಿಲ್ಲ, ಗಿಡದಿಂದ ದೂರ ಇರಬೇಕು. ಉದ್ದ ತೋಳಿನ ಅಂಗಿ, ಹೊಲದಿಂದ ಬಂದ ಕೂಡಲೇ ಸ್ನಾನ.

ಪೇಟೆಯವರಿಗೆ ಸ್ಟಿಕರ್ ಬೊಟ್ಟಿನ ಅಂಟು, ಒನ್ ಗ್ರಾಂ ಚಿನ್ನದ ಓಲೆಯಲ್ಲಿರುವ ನಿಕಲ್, ಕಪ್ಪು ಹೇರ್ ಡೈ. ಹಣೆಯ ನಡುವೆ ಬೊಟ್ಟಿನ ಆಕಾರದಲ್ಲೇ ತುರಿಕೆ ಇದ್ದರೆ ಪತ್ತೇದಾರ ಬೇಕಾ? ಕಾರಣ ತೆಗೆದರೆ ಅರ್ಧ ಗುಣ. ಉಳಿದರ್ಧಕ್ಕೆ ಒದ್ದೆ ಬಟ್ಟೆ, ಮೇಲೆ ಪೆಟ್ರೋಲಿಯಂ ಜೆಲ್ಲಿ. ಇಲ್ಲಿ ಬೇವು, ಅರಿಶಿನ, ಬೆಳ್ಳುಳ್ಳಿ ಹಚ್ಚಬೇಡಿ. ಮುನಿದ ಚರ್ಮಕ್ಕೆ ಇನ್ನೊಂದು ಹೊಸ ಪದಾರ್ಥದ ಪರಿಚಯ ಯಾಕೆ?

ಕಂಬಳಿಹುಳ ಮೈಮೇಲೆ ಹರಿದರೆ, ನಸುಗುನ್ನಿ ಕಾಯಿಯ ರೋಮ ತಾಗಿದರೆ ಉಜ್ಜುವುದು ದೊಡ್ಡ ತಪ್ಪು. ಸೆಲ್ಲೊಟೇಪ್ ಅಂಟಿಸಿ ಎಳೆಯಿರಿ, ರೋಮ ಅದರ ಜೊತೆ ಬರುತ್ತದೆ. ಆಮೇಲೆ ಸೋಪು ನೀರು. ಮಳೆಗಾಲದ ರಾತ್ರಿ ಟ್ಯೂಬ್‌ಲೈಟಿಗೆ ಬರುವ ಕೆಂಪು-ಕಪ್ಪು ಆ್ಯಸಿಡ್ ಹುಳವನ್ನು ಮೈಮೇಲೆ ಹೊಸಕಬೇಡಿ, ಊದಿ ಓಡಿಸಿ. ಹೊಸಕಿದ್ದರೆ ತಕ್ಷಣ ಸೋಪು ಹಾಕಿ ತೊಳೆಯಿರಿ. ಅದರ ರಸದಿಂದ ಗೆರೆ ಎಳೆದ ಹಾಗೆ ಸುಟ್ಟ ಗಾಯವಾಗುತ್ತದೆ. ಅದನ್ನು ಸರ್ಪಸುತ್ತು ಅಂದುಕೊಂಡು ಶಾಸ್ತ್ರ ಮಾಡಿಸಿದವರನ್ನು ನೋಡಿದ್ದೇನೆ.

ಬೇವು, ಅರಿಶಿನ, ಲೋಳೆಸರ

ಮೂರರಲ್ಲಿ ನನ್ನ ಓಟು ಲೋಳೆಸರಕ್ಕೆ. ಬಿಸಿಲಿಗೆ ಸುಟ್ಟ ಚರ್ಮ, ಸಣ್ಣ ಉರಿಗೆ ತಂಪು. ಆದರೆ ಎಲೆ ಕತ್ತರಿಸಿ ಹತ್ತು ನಿಮಿಷ ನಿಲ್ಲಿಸಿ, ಹಳದಿ ಸೊನೆ ಪೂರ್ತಿ ಇಳಿಯಲಿ. ಅಷ್ಟು ತಾಳ್ಮೆ ಇಲ್ಲದೆ ಹಚ್ಚಿದವರೇ ಲೋಳೆಸರದಿಂದ ತುರಿಕೆ ಜಾಸ್ತಿಯಾಯ್ತು ಅನ್ನುವುದು. ಆ ಹಳದಿ ಸೊನೆಯೇ ತುರಿಸುವುದು.

ಬೇವಿನ ಎಲೆ ಕುದಿಸಿದ ನೀರಿನ ಸ್ನಾನ ಹಿತ ಅನಿಸುತ್ತದೆ. ಬೇವಿಗೆ ಕ್ರಿಮಿ ತಡೆಯುವ ಗುಣ ಇರುವುದೂ ನಿಜ. ಅಮ್ಮ (ಚಿಕನ್ ಪಾಕ್ಸ್) ಆದವರಿಗೆ ಬೇವಿನ ಸೊಪ್ಪಲ್ಲಿ ಗಾಳಿ ಹಾಕುವ ನಾಡು ನಮ್ಮದು, ಅದನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಿಲ್ಲ. ಆದರೆ ಒಣ ಚರ್ಮವನ್ನು ಬೇವು ಇನ್ನೂ ಒಣಗಿಸುತ್ತದೆ. ಬೇವಿನ ಎಣ್ಣೆ ಕೆಲವರಿಗೆ ನೇರವಾಗಿಯೇ ಅಲರ್ಜಿ. ಅದನ್ನು ಮಕ್ಕಳಿಗೆ ಕುಡಿಸುವುದಂತೂ ಅಪಾಯ. ಹಾಗೆ ಕುಡಿದ ಕೂಸುಗಳಿಗೆ ಫಿಟ್ಸ್ ಬಂದು, ಮೆದುಳು ಮತ್ತು ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವೈದ್ಯರ ದಾಖಲೆಗಳಲ್ಲಿವೆ.

ಅರಿಶಿನ ನನಗೆ ಮೂರನೆಯದು. ಅದರ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ, ಹಾಗಾಗಿ ನೀರಲ್ಲಿ ಕಲಸಿ ಬಳಿದರೆ ಒಳಗೆ ಇಳಿಯುವುದಕ್ಕಿಂತ ಬಟ್ಟೆಗೆ ಹತ್ತುವುದೇ ಜಾಸ್ತಿ. ಮದುವೆಯ ಅರಿಶಿನ ಶಾಸ್ತ್ರದ ಮರುದಿನ ಮುಖ ಕೆಂಪಾದ ಮದುಮಕ್ಕಳೂ ಇದ್ದಾರೆ. ಯಾವುದೇ ಸೊಪ್ಪು, ಪುಡಿಯನ್ನು ಮೊದಲು ಮುಂಗೈ ಒಳಭಾಗದಲ್ಲಿ ರೂಪಾಯಿ ಅಗಲ ಹಚ್ಚಿ, ಎರಡು ದಿನ ಕಾದು ನೋಡುವುದು ಬುದ್ಧಿವಂತಿಕೆ.

ಹಚ್ಚಲೇಬಾರದ ಕೆಲವು: ನಿಂಬೆರಸ (ಬಿಸಿಲು ಬಿದ್ದರೆ ಸುಟ್ಟು ಕಪ್ಪು ಕಲೆ), ಅಡುಗೆ ಸೋಡಾ (ನಮ್ಮ ಚರ್ಮ ಸ್ವಲ್ಪ ಹುಳಿ, ಸೋಡಾ ಕ್ಷಾರ), ಆ್ಯಪಲ್ ಸೈಡರ್ ವಿನೆಗರ್. 2019ರಲ್ಲಿ ಅಮೆರಿಕದಲ್ಲಿ ನಡೆದ ಸಣ್ಣ ಪ್ರಯೋಗವೊಂದರಲ್ಲಿ ಇಸುಬಿನವರ ಒಂದು ಕೈಯನ್ನು ತೆಳು ವಿನೆಗರ್‌ನಲ್ಲಿ, ಇನ್ನೊಂದನ್ನು ಬರೀ ನೀರಲ್ಲಿ ಅದ್ದಿದರು. ವಿನೆಗರ್‌ನಿಂದ ಲಾಭ ಕಾಣಲಿಲ್ಲ, ಹೆಚ್ಚಿನವರಿಗೆ ಉರಿ ಸಿಕ್ಕಿತು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಸುವ ರೂಢಿ ಎಲ್ಲ ಕಡೆ ಇದೆ. ದೊಡ್ಡವರು ಸ್ವಲ್ಪ ಹಚ್ಚಿಕೊಳ್ಳಲಿ. ಕೂಸುಗಳಿಗೆ ಮಾತ್ರ ಬೇಡ, ಚರ್ಮದ ಮೂಲಕ ಒಳಗಿಳಿದರೂ ಫಿಟ್ಸ್ ತರಬಲ್ಲದು. ಒಡೆದ ಚರ್ಮಕ್ಕೆ ಹುತ್ತದ ಮಣ್ಣು, ಸಗಣಿ ಹಚ್ಚಿದರೆ ಧನುರ್ವಾಯುವನ್ನು ಮನೆಗೆ ಕರೆದ ಹಾಗೆ.

ಮನೆಮದ್ದು ಸೋಲುವ ಎರಡು: ಕಜ್ಜಿ, ಹುಳುಕಡ್ಡಿ

ರಾತ್ರಿ ಹಾಸಿಗೆಗೆ ಬಿದ್ದ ಮೇಲೆ ತುರಿಕೆ ಏರುತ್ತದೆ, ಬೆರಳ ಸಂದಿ, ಮಣಿಕಟ್ಟು, ಹೊಕ್ಕಳ ಸುತ್ತ ಸಣ್ಣ ಗುಳ್ಳೆ, ಮನೆಯಲ್ಲಿ ಇನ್ನೊಬ್ಬರೂ ಕೆರೆದುಕೊಳ್ಳುತ್ತಿದ್ದಾರೆ. ಹಾಗಿದ್ದರೆ ಅದು ಬಹುಪಾಲು ಕಜ್ಜಿ. ಚರ್ಮದೊಳಗೆ ಬಿಲ ತೋಡುವ ಕಣ್ಣಿಗೆ ಕಾಣದ ಹುಳ. ಬೇವಿನ ಸ್ನಾನಕ್ಕೆ ಅದು ಜಗ್ಗುವುದಿಲ್ಲ. ಸಾಮಾನ್ಯವಾಗಿ ಕೊಡುವುದು 5 ಶೇಕಡಾ ಪರ್ಮೆಥ್ರಿನ್. ಡಾಕ್ಟರ ಸಲಹೆಯಂತೆ ಕುತ್ತಿಗೆಯಿಂದ ಕೆಳಗೆ ಪೂರ್ತಿ ಹಚ್ಚಿ, ರಾತ್ರಿಯಿಡೀ ಬಿಟ್ಟು ತೊಳೆಯಬೇಕು. ಒಂದು ವಾರದ ಮೇಲೆ ಮತ್ತೊಮ್ಮೆ. ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಬೇಕು, ತುರಿಕೆ ಇಲ್ಲದವರೂ ಸಹ. ಇಲ್ಲದಿದ್ದರೆ ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಮಗುವಿಗೆ ಅಂತ ಸುತ್ತುತ್ತಲೇ ಇರುತ್ತದೆ. ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಉಳಿಯುವುದುಂಟು, ಗಾಬರಿ ಬೇಡ.

ಹುಳುಕಡ್ಡಿ ಅಂದರೆ ಅಂಚು ಕೆಂಪಾಗಿ, ನಡುವೆ ಬಿಳುಚಿದ ಉಂಗುರ. ತೊಡೆಸಂದಿ, ಸೊಂಟದಲ್ಲಿ ಜಾಸ್ತಿ. ಹೆಸರಲ್ಲಿ ಹುಳ ಇದ್ದರೂ ಇದು ಶಿಲೀಂಧ್ರ. ಇಲ್ಲಿ ದೊಡ್ಡ ಅಪಾಯ ಮನೆಮದ್ದಲ್ಲ, ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಸಿಗುವ ಮೂರು ನಾಲ್ಕು ಔಷಧಿ ಬೆರೆತ ಮುಲಾಮು. ಅದರಲ್ಲಿ ಸ್ಟಿರಾಯ್ಡ್ ಇರುತ್ತದೆ. ಎರಡು ದಿನಕ್ಕೆ ತುರಿಕೆ ಮಾಯ, ವಾರಕ್ಕೆ ಉಂಗುರ ಎರಡಾಗುತ್ತದೆ. ನಮ್ಮ ಮನೆಯ ಹತ್ತಿರದ ಒಂದು ಅಂಗಡಿಯಲ್ಲಿ ನನಗೂ ಕೊಟ್ಟಿದ್ದರು, ಚೀಟಿ ಕೇಳಲಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಆದೇಶ ಮಾಡಿದ್ದರೂ ಇದು ನಡೆದಿದೆ. ಈಗ ಸುಲಭಕ್ಕೆ ಮದ್ದಿಗೆ ಬಗ್ಗದ ಹೊಸ ಶಿಲೀಂಧ್ರವೂ ಹಬ್ಬಿದೆ. ಅದಕ್ಕೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಅಂತ ಹೆಸರಿಟ್ಟರು. ಹೆಸರಲ್ಲೇ ಇಂಡಿಯಾ ಇದೆ, ಹೆಮ್ಮೆ ಪಡುವ ವಿಷಯವಲ್ಲ. ಟ್ಯೂಬಿನ ಹಿಂದೆ ಬೀಟಾಮೆಥಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಅಂತ ಬರೆದಿದ್ದರೆ ನೀವಾಗಿ ಹಚ್ಚಬೇಡಿ. ಇಸುಬಿಗೆ ಡಾಕ್ಟರು ಇದೇ ಸ್ಟಿರಾಯ್ಡನ್ನು ಲೆಕ್ಕ ಹಾಕಿ ಕೊಡುತ್ತಾರೆ, ಆಗ ಹೆದರಿ ಬಿಡಲೂಬೇಡಿ.

ಇನ್ನು ವಯಸ್ಸಾದವರು. ಚರ್ಮದ ಮೇಲೆ ದದ್ದೇ ಇಲ್ಲ, ಆದರೆ ಮೈಯೆಲ್ಲ ತುರಿಕೆ ಅನ್ನುತ್ತಾರೆ. ಹೆಚ್ಚಿನ ಸಲ ಅದು ಒಣ ಚರ್ಮವೇ. ಎರಡು ವಾರ ಸೋಪು ಕಡಿಮೆ ಮಾಡಿ, ಸ್ನಾನದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ನೋಡಿ. ಇಳಿಯದಿದ್ದರೆ ಸಕ್ಕರೆ, ಕಿಡ್ನಿ, ಲಿವರ್, ಥೈರಾಯ್ಡ್, ರಕ್ತದ ಕಬ್ಬಿಣದ ಪರೀಕ್ಷೆ ಮಾಡಿಸಿ. ನಮ್ಮ ಮಾವನವರ ತುರಿಕೆಗೆ ಒಂದು ವರ್ಷ ಬೇವಿನ ಸ್ನಾನ ಮಾಡಿಸಿದ್ದೆವು. ಕೊನೆಗೆ ಸಿಕ್ಕಿದ್ದು ಕಿಡ್ನಿ ರಿಪೋರ್ಟಿನಲ್ಲಿ.

ಡಾಕ್ಟರ ಹತ್ತಿರ ಹೋಗುವುದಾದರೆ ದದ್ದು ಎದ್ದಾಗಲೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಟ್ಯೂಬ್‌ಲೈಟಿನಲ್ಲಿ ಅಲ್ಲ, ಕಿಟಕಿಯ ಬೆಳಕಿನಲ್ಲಿ. ಹಿಂದಿನ ಎರಡು ದಿನ ತಿಂದ ಮಾತ್ರೆ, ಹಚ್ಚಿದ ಸೊಪ್ಪು ಎಲ್ಲ ಬರೆದಿಡಿ. ಗಂಧೆ ಇದೆಯಲ್ಲ, ಟೋಕನ್ ತೆಗೆದುಕೊಂಡು ನಮ್ಮ ಸರದಿ ಬರುವಷ್ಟರಲ್ಲಿ ಅದು ಖಂಡಿತ ಇಳಿದಿರುತ್ತದೆ.